ಇಲಿಯ ಮುಂಗಾಲು, ಅಪ್ಪನ ಕೈ

ಎರಡು ಸಾವಿರದ ಐದೋ ಆರೋ ಇಸವಿ. ಮೈಸೂರಿನ ಪ್ರಯೋಗಾಲಯವೊಂದರಲ್ಲಿ ನನಗೆ ಇಲಿಗಳ ಜೊತೆ ಕೆಲಸ. ಪಾರ್ಕಿನ್ಸನ್ ಕಾಯಿಲೆಯನ್ನು ಅರಿಯಲೆಂದು ಅವುಗಳ ಮಿದುಳಿನ ಒಂದು ಬದಿಯಲ್ಲಿ, ಚಲನೆಗೆ ಬೇಕಾದ ಡೋಪಮೈನ್ ಎಂಬ ರಾಸಾಯನಿಕವನ್ನು ಇಲ್ಲವಾಗಿಸುತ್ತಿದ್ದೆವು. ಒಂದು ಮುಂಗಾಲು ಮಾತು ಕೇಳುತ್ತಿರಲಿಲ್ಲ. ಗುಂಡ್ಲುಪೇಟೆಯ ಮನೆಗೆ ಹೋದರೆ ಅದೇ ಕಾಯಿಲೆಯ ಅಪ್ಪ, "ಇಲಿಗೆಲ್ಲಾ ವಾಸಿ ಮಾಡ್ಬುಟ್ಟು ಬಂದ್ಯೇನಮ್ಮಿ? ನನ್ ಪಾಳಿ ಯಾವಾಗ?" ಎಂದು ಕಿಚಾಯಿಸುತ್ತಿದ್ದರು. ಬಂಡೀಪುರದಲ್ಲಿ ಫಾರೆಸ್ಟ್ ಗಾರ್ಡ್ ಆಗಿದ್ದವರು, ಆನೆಗೂ ಜಗ್ಗದವರು, ಅಂಗಿಯ ಗುಂಡಿಗೆ ಸೋಲುತ್ತಿದ್ದರು.

ತಂಗಿಯ ಮದುವೆ ಗೊತ್ತಾಯಿತು. ಧಾರೆ ತಾವೇ ಎರೆಯಬೇಕೆಂಬುದು ಅಪ್ಪನ ಆಸೆ. ಅಮ್ಮ ಒಪ್ಪಲಿಲ್ಲ. "ನಿಮ್ ಚಿಕ್ಕಪ್ಪನೇ ಎರೀಲಿ, ಜನ್ರ ಮುಂದೆ ನಡುಗೋದು ಯಾಕೆ?" ನನಗೆ ಅಮ್ಮನ ಮೇಲೆ ಕೆಟ್ಟ ಕೋಪ ಬಂತು.

ಮರುದಿನ ನೋಡಿದರೆ ಅಮ್ಮ ಅಪ್ಪನಿಗೆ ಮಾತ್ರೆಯ ಜೊತೆ ದೊಡ್ಡ ಲೋಟದ ತುಂಬ ಹಾಲು ಕೊಡುತ್ತಿದ್ದರು. "ಗುಳಿಗೆ ಉಷ್ಣ ಕಣಮ್ಮಿ. ಆಲು ತಂಪು. ಕಾಪಿ ನಿಲ್ಲಿಸ್ಬುಟ್ಟಿವ್ನಿ, ಕೈ ಇನ್ನೂ ಜಾಸ್ತಿ ನಡುಗ್ತದೆ ಅಂತ." ಗಂಡನ ಮೇಲಿನ ಅಕ್ಕರೆಯೇ ಮದ್ದಿಗೆ ಅಡ್ಡ ನಿಂತಿತ್ತು. ಹಾಲಿನ ಪ್ರೋಟೀನು ಆ ಮದ್ದನ್ನು ಮಿದುಳಿಗೆ ಸಲೀಸಾಗಿ ಬಿಡುವುದಿಲ್ಲ; ಅಲ್ಲಿ ತಲುಪಿದರೆ ತಾನೇ ಅದು ಡೋಪಮೈನ್ ಆಗುವುದು.

ಅಮ್ಮನಿಗೆ ಅದನ್ನೂ ಕಾಫಿಯ ವಿಷಯವನ್ನೂ ಬಿಡಿಸಿ ಹೇಳಿದೆ. ಮಿದುಳಿನ ಕೆಲವು ಜೀವಕೋಶಗಳ ಮೇಲೆ ಎರಡು ಗ್ರಾಹಕಗಳು, ಅಂದರೆ ರಾಸಾಯನಿಕಗಳ ಸಂದೇಶ ಹಿಡಿಯುವ ಅಣುಗಳು, ಒಂದೇ ಅಡುಗೆಮನೆಯ ವಾರಗಿತ್ತಿಯರಂತೆ ಒತ್ತಿಕೊಂಡಿರುತ್ತವೆ. ಒಂದಕ್ಕೆ ಡೋಪಮೈನ್ ತಾಗಿದರೆ ಚಲನೆ ಸರಾಗ. ಪಕ್ಕದ್ದಕ್ಕೆ ಅಡೆನೊಸಿನ್ ಎಂಬ ಇನ್ನೊಂದು ರಾಸಾಯನಿಕ ತಾಗಿದರೆ ಮೊದಲನೆಯದರ ಮಾತು ನಡೆಯುವುದಿಲ್ಲ. ಆ ಎರಡನೆಯದರ ಬಾಯಿ ಮುಚ್ಚಿಸಿದಾಗ ಕಡಿಮೆ ಮದ್ದಿಗೇ ನಮ್ಮ ಇಲಿ ಮುಂಗಾಲು ಚಾಚಿತ್ತು. ಕಾಫಿಯಲ್ಲಿರುವುದೂ ಅದರ ಬಾಯಿ ಮುಚ್ಚಿಸುವಂಥದ್ದೇ.

"ತಲೆ ಒಳ್ಗೂ ವಾರಗಿತ್ತೀರ ಜಗಳ್ವೇ!" ಎಂದು ಅಮ್ಮ ನಕ್ಕರು.

ಇಲಿ ಅಪ್ಪನಲ್ಲ, ಅದು ನನಗೆ ಗೊತ್ತು. ಡಾಕ್ಟರನ್ನು ಕೇಳಿದೆವು. "ಕಾಫಿ ಮದ್ದು ಅನ್ನಲಾರೆ, ಕುಡಿಯಲಿ ಬಿಡಿ. ಮಾತ್ರೆ ಮಾತ್ರ ಊಟಕ್ಕೆ ಮುಂಚೆ, ನೀರಲ್ಲಿ" ಎಂದರು. ಕೆಲವು ವಾರಗಳಲ್ಲಿ ಅಪ್ಪ ನಿಧಾನವಾಗಿಯಾದರೂ ತಾವೇ ಗುಂಡಿ ಹಾಕಿಕೊಂಡರು. ನನಗೆ ಕುಣಿಯುವಷ್ಟು ಸಂತೋಷವಾಯಿತು.

ಚಾಮರಾಜನಗರದ ಛತ್ರದಲ್ಲಿ ಅಪ್ಪನೇ ಗಿಂಡಿ ಹಿಡಿದರು. ಕೈ ನಡುಗಿತು, ಧಾರೆ ಅತ್ತಿತ್ತ ಓಲಾಡಿ ಮದುಮಗನ ಮುಂಗೈ ಮೇಲೂ ಬಿತ್ತು. ಚಿಕ್ಕಪ್ಪ ಮುಂದೆ ಬಂದು ಗಿಂಡಿಗೆ ಕೈ ಹಾಕಲು ಹೋದರು.

ಅಮ್ಮ ಅವರ ಕೈ ತಡೆದರು. "ಬುಡಿ, ಅವ್ರೇ ಎರೀತಾವ್ರೆ."