ಎಂಟರ್ ಗುಂಡಿಯ ಸುಣ್ಣ

ಗಣಪತಿ ಮಾಸ್ತರ ಕೀಬೋರ್ಡಿನ ಎಂಟರ್ ಗುಂಡಿಯ ಮೇಲೆ ಸದಾ ಸುಣ್ಣ ಅಂಟಿರುತ್ತಿತ್ತು. ಕವಳ ಹಾಕಲು ವೀಳ್ಯದೆಲೆಗೆ ಸುಣ್ಣ ಸವರಿದ ಬೆರಳಲ್ಲೇ ಅದನ್ನು ಒತ್ತುತ್ತಿದ್ದರು. ಮೇಜಿನ ಕೆಳಗೆ ಉಗುಳುವ ಡಬ್ಬ. ಅವರೆದ್ದ ಕುರ್ಚಿಯಲ್ಲಿ ಕೂರುವ ಮೊದಲು ನಾನು ಒದ್ದೆ ಬಟ್ಟೆಯಿಂದ ಕೀಬೋರ್ಡು ಒರೆಸಿ, ಆ ಬಟ್ಟೆಯನ್ನು ಎರಡೇ ಬೆರಳಲ್ಲಿ ಹಿಡಿದು ಹೊರಗೆ ಎಸೆಯುತ್ತಿದ್ದೆ. ಆದರೂ ನನಗೆ ಅನ್ನದ ವಿದ್ಯೆ ಕೊಟ್ಟದ್ದು ಅದೇ ಬೆರಳು. ಇದನ್ನು ಬರೆಯದಿದ್ದರೆ ಸುಳ್ಳಾಗುತ್ತದೆ.

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಅವ್ವ ಗದ್ದೆಕೂಲಿ ಮಾಡಿ ಓದಿಸಿದಳು. ಹೊನ್ನಾವರದ ಡಯಾಲಿಸಿಸ್ ಕೇಂದ್ರವೊಂದರಲ್ಲಿ ಕಂಪ್ಯೂಟರ್ ಕೆಲಸಕ್ಕೆ ಸೇರಿದಾಗ ಕೈಯಲ್ಲಿ ಸರ್ಟಿಫಿಕೇಟು ಇತ್ತು, ಕೆಲಸ ಬರುತ್ತಿರಲಿಲ್ಲ. ಪ್ರೋಗ್ರಾಮು ಕೆಟ್ಟು ಪರದೆ ತುಂಬ ಇಂಗ್ಲಿಷ್ ಸಾಲುಗಳು ಸುರಿದರೆ ಕೀಬೋರ್ಡಿನಿಂದ ಕೈ ತೆಗೆದುಬಿಡುತ್ತಿದ್ದೆ. ಅಲ್ಲಿ ಮೊದಲಿನಿಂದ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ ಮಾಸ್ತರು ಹಿಂದೆ ನಿಂತು ಹೇಳುತ್ತಿದ್ದರು, “ಹೆದರೂದೆಂತಕೆ ತಂಗಿ? ಮೇಲಿನ ಗಲಾಟೆ ಬಿಡು. ಕೆಳಗಿನ ಸಾಲಿಗೆ ಹೋಗು. ಕಾರಣ ಅಲ್ಲಿ ಕುಂತದೆ.”

ನಿಜವಾಗಿಯೂ ಅಲ್ಲೇ ಕೂತಿರುತ್ತಿತ್ತು. ಅವ್ವ ಒಮ್ಮೆ ಆಫೀಸು ನೋಡಲು ಬಂದಾಗ ಮಾಸ್ತರು ತಾವೇ ಕುರ್ಚಿ ಎಳೆದುಕೊಟ್ಟು, “ನಿಮ್ಮ ಮಗಳು ನಮ್ಮನ್ನೆಲ್ಲ ಮೀರಿಸ್ತದೆ” ಎಂದಿದ್ದರು. ಅವ್ವ ಆ ಮಾತನ್ನು ಕೇರಿಯಲ್ಲೆಲ್ಲ ಹಂಚಿದಳು.

ಆ ಸಂಸ್ಥೆಗೆ ಭಟ್ಕಳ, ಹೊನ್ನಾವರ, ಕುಮಟಾ ಮೂರು ಕಡೆ ಕೇಂದ್ರ. ಯಾವ ರೋಗಿಗೆ ಯಾವ ದಿನ, ಯಾವ ಮಂಚ ಎಂಬ ಸರದಿಯೆಲ್ಲ ಕುಮಟಾದ ಡೇಟಾಬೇಸಿನಲ್ಲಿ. ನಮ್ಮ ಜಾವಾ ಪ್ರೋಗ್ರಾಮು ಡ್ರೈವರ್ ಎಂಬ ಇನ್ನೊಂದು ಪುಟ್ಟ ಪ್ರೋಗ್ರಾಮಿನ ಮೂಲಕ ಅದನ್ನು ಮುಟ್ಟಬೇಕು. ಡ್ರೈವರಿಗೆ ನಾವು ಕೊಡುವುದು ಒಂದೇ ಸಾಲಿನ ವಿಳಾಸ. ಕುಮಟಾದ ಸರ್ವರಿನ ಹೆಸರು ಬರೆದರೆ ಅಲ್ಲಿಗೆ ಹೋಗುತ್ತದೆ. ಲೋಕಲ್‌ಹೋಸ್ಟ್ ಎಂದು ಬರೆದರೆ ನಮ್ಮೆದುರಿನ ಯಂತ್ರದಲ್ಲೇ ಪರೀಕ್ಷೆಗೆಂದು ಇಟ್ಟುಕೊಂಡ ನಕಲಿಗೆ ಹೋಗುತ್ತದೆ. ಪರದೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ.

ಮಳೆಗಾಲದಲ್ಲಿ ಇಂಟರ್ನೆಟ್ ಲೈನು ಹೋಗುತ್ತಿತ್ತು. ಪರದೆಯ ಮೂಲೆಯ ಸಂಪರ್ಕದ ಗುರುತು ಕೆಂಪಾಗುತ್ತಿತ್ತು, ಸಂಸ್ಥೆಯ ಸೆಕ್ರೆಟರಿ ಬೈಯುತ್ತಿದ್ದರು. ಬೈಸಿಕೊಳ್ಳುವುದು ಮಾಸ್ತರಿಗೆ ಆಗದು. ವಿಳಾಸ ಅಳಿಸಿ, ಲೋಕಲ್‌ಹೋಸ್ಟ್ ಎಂದು ಬರೆದು ಎಂಟರ್ ಒತ್ತುತ್ತಿದ್ದರು. ಗುರುತು ಹಸಿರಾಗುತ್ತಿತ್ತು.

“ಆತು ನೋಡು.”

“ಕುಮಟಾಕ್ಕೆ ಹೋಗ್ತಿಲ್ಲಲ್ಲ ಸರ್ ಇದು?”

“ಲೈನ್ ಬಂದ ಮೇಲೆ ಎತ್ತಿ ಅತ್ಲಾಗೆ ಹಾಕಿದ್ರಾತು. ಸೆಕ್ರೆಟರಿಗೆ ಹಸಿರು ಬೇಕಿತ್ತು, ಕೊಟ್ಟೆ.”

ಹೆಚ್ಚಿನ ಸಲ ಎತ್ತಿ ಹಾಕುತ್ತಿದ್ದರು. ಒಂದು ಸಲ ಮರೆತರು.

ಆ ವಾರ ಬೇಸ್ತವಾರ ಗೇರುಸೊಪ್ಪೆಯಿಂದ ನಮ್ಮ ಕೇಂದ್ರದ ರೋಗಿ ಸಾವಿತ್ರಕ್ಕ ಬಂದಳು. ಮುಖ, ಕಾಲು ಬಾತುಕೊಂಡಿದ್ದವು. ಅವಳ ಮಂಚದಲ್ಲಿ ಭಟ್ಕಳದ ಒಬ್ಬರು ಮಲಗಿದ್ದರು, ಯಂತ್ರ ಆಗಲೇ ಓಡುತ್ತಿತ್ತು. ಕುಮಟಾದ ಡೇಟಾಬೇಸಿನಲ್ಲಿ ಆ ಮಂಚ ಖಾಲಿ ಎಂದು ಕಂಡದ್ದರಿಂದ ಅವರಿಗೆ ಕೊಟ್ಟಿದ್ದರು.

“ನಿಂದು ಇವತ್ತಲ್ಲ, ನಾಡಿದ್ದು,” ಎಂದರು ಮಾಸ್ತರು.

“ನೀವೇ ಹೇಳಿದ್ದಲ್ವ ಒಡೆಯಾ? ಬೇಸ್ತವಾರ ಹತ್ತಕ್ಕೆ, ಕಿಟಕಿ ಬದಿ ಮಂಚ ಅಂತ.”

“ಓದೂಕೆ ಬರದಿದ್ರೆ ಓದಿದವ್ರನ್ನ ಕರ್ಕಂಡು ಬರೂದು. ದಿನ ಮರ್ತು ಬಂದು ನಮ್ಮ ತಲೆ ತಿನ್ನೂದಲ್ಲ.”

ಯಂತ್ರಕ್ಕೆ ಕೈ ಕೊಟ್ಟು ಮಲಗಿದ ನಾಲ್ಕು ತಾಸೂ ಮದುವೆ ಹಾಡನ್ನು ಒಂದು ಸಾಲು ತಪ್ಪದೆ ಗುನುಗುತ್ತಿದ್ದವಳು ಸಾವಿತ್ರಕ್ಕ. ಅವಳು ವಾರ ಮರೆಯುತ್ತಾಳೆಯೆ? ಮಾಸ್ತರು ಆಡಿದ್ದು ನನ್ನ ಅವ್ವ ರೇಷನ್ ಅಂಗಡಿಯಲ್ಲಿ, ಬ್ಯಾಂಕಿನಲ್ಲಿ ಜೀವಮಾನವಿಡೀ ಕೇಳಿಸಿಕೊಂಡ ಮಾತು.

ನಾನು ನಮ್ಮ ಯಂತ್ರದ ನಕಲು ತೆರೆದೆ. ಅವಳ ಹೆಸರು, ಬೇಸ್ತವಾರ, ಹತ್ತು ಗಂಟೆ, ಎಲ್ಲ ಅಲ್ಲಿತ್ತು.

“ಸರ್, ಇಲ್ಲಿ ಅದೆ ನೋಡಿ.”

ಮಾಸ್ತರು ನನ್ನ ಹೆಗಲ ಮೇಲಿಂದ ಕೈ ಚಾಚಿ, ಆ ಸಾಲು ಅಳಿಸಿ ಎಂಟರ್ ಒತ್ತಿದರು.

“ಎಲ್ಲಿ ಅದೆ?”

ಗುಂಡಿಯ ಮೇಲೆ ಹಸಿ ಸುಣ್ಣ.

ಕುಮಟಾಕ್ಕೆ ಫೋನು ಮಾಡಿ ಸಾವಿತ್ರಕ್ಕನನ್ನು ರಿಕ್ಷಾದಲ್ಲಿ ಕರೆದುಕೊಂಡು ಹೋದೆ. ಏದುಸಿರಿನ ನಡುವೆಯೂ “ನಾನೇ ಮರ್ತ್ನೇನ ತಂಗಿ?” ಎಂದು ಕೇಳುತ್ತಲೇ ಇದ್ದಳು. ಮಧ್ಯಾಹ್ನ ಮಂಚ ಸಿಕ್ಕಿತು, ಜೀವ ಉಳಿಯಿತು. ಮರುದಿನ, ಮಾಡಿದ್ದನ್ನೆಲ್ಲ ಪ್ರೋಗ್ರಾಮು ತಾನೇ ಬರೆದಿಡುವ ಲಾಗ್ ತೆಗೆದು, ಅವಳ ಹೆಸರು ಸೇರಿಸಿದ್ದು, ಅಳಿಸಿದ್ದು ಎರಡನ್ನೂ ಸೆಕ್ರೆಟರಿ ಮುಂದಿಟ್ಟೆ. ಕೆಳಗೆ ಹೋಗಿ ಕಾರಣ ನೋಡುವುದನ್ನು ಮಾಸ್ತರೇ ಕಲಿಸಿದ್ದರಲ್ಲ. ಆ ವಾರವೇ ಅವರು ಕೆಲಸ ಬಿಟ್ಟರು.

ಕಳೆದ ವರ್ಷ ಭಟ್ಕಳದ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರು. ಪಕ್ಕದಲ್ಲಿ ಜಾಗ ಮಾಡಿ, “ಕೂತ್ಕೋ ತಂಗಿ. ನಾ ಕಲ್ಸಿದ್ದು ನಂಗೇ ತಿರುಗ್ತು” ಎಂದು ನಕ್ಕರು. ಬೇಸರವಿದ್ದಂತೆ ಕಾಣಲಿಲ್ಲ. ನಾನು ಕೂತೆ.

“ಸಾವಿತ್ರಕ್ಕ ಈಗ ಮೂರು ಮೂರು ಸಲ ಫೋನು ಮಾಡಿಸ್ತದೆ ಸರ್, ಇವತ್ತು ಬೇಸ್ತವಾರ ಹೌದಾ ಅಂತ. ಹಾಡೂದೂ ಬಿಟ್ಟದೆ. ನಡುವೆ ಮರ್ತೋದ್ರೆ ಅಂತ ಹೆದರಿಕೆ ಅಂತೆ.”

ಮಾಸ್ತರು ಎಲೆಗೆ ಸುಣ್ಣ ಸವರಿದರು.

“ಒಳ್ಳೇದಾತು. ಕೇಳೂದಾದ್ರೂ ಕಲಿತು.”

ಮಡಚಿದ ಎಲೆಯನ್ನು ಅದೇ ಬೆರಳಲ್ಲಿ ನನ್ನತ್ತ ಚಾಚಿದರು. ನಾನು ಕೈ ಚಾಚಲಿಲ್ಲ. ಹೊನ್ನಾವರದ ಬಸ್ಸು ಬಂತು. ನಮ್ಮ ಕಡೆಯಲ್ಲಿ ಹೊರಡುವವರು ‘ಬತ್ತೆ’, ಅಂದರೆ ಬರುತ್ತೇನೆ, ಎಂದು ಹೇಳಿ ಹೋಗಬೇಕು, ಮತ್ತೆ ಸಿಗದವರಿಗೂ ಹೇಳಬೇಕು.

ನಾನು ಹೇಳದೆ ಬಸ್ಸು ಹತ್ತಿದೆ.