ಕಾಲರಿನ ಒಳಗಿನ ಹೂವು

ಆ ಬೀದಿಯಲ್ಲಿ ದರ್ಜಿಗೆ ಬೋಳಂಗಿ ಎಂದೇ ಹೆಸರು. ಮೈಮೇಲೆ ವರ್ಷವಿಡೀ ಬೂದಿ ಬಣ್ಣದ ಅಂಗಿ; ಜೇಬಿಲ್ಲ, ಪಟ್ಟೆಯಿಲ್ಲ, ಗುಂಡಿ ಕೂಡ ಬಟ್ಟೆಯ ಬಣ್ಣದ್ದೇ. ಗೋಡೆಗೆ ಒರಗಿ ನಿಂತರೆ ನಿನ್ನನ್ನು ತಡಕಾಡಿ ಹುಡುಕಬೇಕು ಕಣಯ್ಯಾ ಎಂದು ಪಕ್ಕದ ಕ್ಷೌರಿಕ ಕಿಚಾಯಿಸಿದರೆ, ಅದನ್ನೂ ಹೊಗಳಿಕೆಯೆಂದೇ ತೆಗೆದುಕೊಳ್ಳುತ್ತಿದ್ದ. ಕೈಲಾಗದೆ ತೊಟ್ಟ ಸಾದಾ ಅಲ್ಲ ಅದು. ಭುಜದ ಹೊಲಿಗೆ ಕೂದಲೆಳೆಯಷ್ಟು ಸರಿದರೂ ಬಿಚ್ಚಿ ಮತ್ತೆ ಹೊಲಿಯುವ ಜಂಬದ ಸಾದಾ. ಈಚೆಗೆ ಹರೆಯದವರೂ ಅಂಥದ್ದೇ ಬೇಕೆಂದು ಅಂಗಡಿಗೆ ಬರತೊಡಗಿದ ಮೇಲಂತೂ ಅವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಅಂಗಡಿಯ ಮೂಲೆಯಲ್ಲಿ ತಂಗಿ ಕೂರುತ್ತಿದ್ದಳು. ಕಸೂತಿಯಲ್ಲಿ ಅವಳದು ಎತ್ತಿದ ಕೈ. ಹಿಂದೆ ಅವಳ ಹೂಬಳ್ಳಿ ನೋಡಿಯೇ ಗಿರಾಕಿಗಳು ಒಳಗೆ ಕಾಲಿಡುತ್ತಿದ್ದರು. ಇನ್ನು ಇಲ್ಲಿ ಸಾದಾ ಬಟ್ಟೆ ಮಾತ್ರ ಎಂದು ಅಣ್ಣ ಹೇಳಿದ ದಿನದಿಂದ ಅವಳ ಪಾಲಿಗೆ ಉಳಿದದ್ದು ಕಾಜಾ ಮತ್ತು ಗುಂಡಿ. ಅವಳು ತುಟಿ ಬಿಚ್ಚಲಿಲ್ಲ. ಒಪ್ಪಿದ್ದಾಳೆ ಎಂದು ಅವನು ಅಂದುಕೊಂಡ. ಹಾಗೆ ಅಂದುಕೊಳ್ಳುವುದು ಅವನಿಗೆ ಅನುಕೂಲವಾಗಿತ್ತು.

ಒಂದು ಮಧ್ಯಾಹ್ನ ಅವಳು ಊಟಕ್ಕೆ ಹೋಗಿದ್ದಾಗ ಬೋಳಂಗಿ ಗಿರಾಕಿಯೊಬ್ಬನ, ಬಸ್ ಡ್ರೈವರನ, ಅಂಗಿಗೆ ಇಸ್ತ್ರಿ ಹಾಕುತ್ತಿದ್ದ. ಅದೂ ಸಾದಾ ಅಂಗಿಯೇ. ಕಾಲರ್ ಮಗುಚಿದರೆ ಒಳಗಡೆ ಕೆಂಪು ದಾರದ ಹೂವು! ಒಂದು ದಳ ಉದ್ದ, ಇನ್ನೊಂದು ಗಿಡ್ಡ, ತೊಟ್ಟು ಎತ್ತಲೋ. ಅವನಿಗೆ ಮೈಯೆಲ್ಲ ಉರಿಯಿತು. ನನ್ನ ಕಣ್ಣಿಗೆ ಮಣ್ಣೆರಚಿ ಹಟ ಸಾಧಿಸಿದ್ದಾಳೆ, ಅದೂ ವಕ್ರವಕ್ರವಾಗಿ, ಎಂದುಕೊಂಡ. ಬ್ಲೇಡು ತೆಗೆದುಕೊಂಡು ಎಳೆ ಎಳೆಯಾಗಿ ಬಿಚ್ಚಿ, ತೂತುಗಳ ಮೇಲೆ ಉಗುರಾಡಿಸಿ, ಮಟ್ಟಸವಾಗಿ ಮಡಚಿಟ್ಟ. ತಂಗಿಯನ್ನು ಒಂದು ಮಾತು ಕೇಳಲಿಲ್ಲ. ಅವಳು ಬರುವ ಮೊದಲೇ ಡ್ರೈವರ್ ಅಂಗಿ ಒಯ್ದಾಗಿತ್ತು.

ಮರುದಿನ ಡ್ರೈವರ್ ಅಂಗಿ ಹಿಡಿದು ತಿರುಗಿ ಬಂದ. ತನ್ನ ಪುಟ್ಟ ಮಗಳು ಬರೆದುಕೊಟ್ಟ ಹೂವನ್ನು ಇದ್ದದ್ದು ಇದ್ದ ಹಾಗೇ ಹಾಕಿಕೊಡಿ ಎಂದು ತಂಗಿಯನ್ನು ಕೇಳಿಕೊಂಡಿದ್ದನಂತೆ. ಹೊರಗೆ ಕಾಣುವುದು ಬೇಡ, ತನಗೆ ಗೊತ್ತಿದ್ದರೆ ಸಾಕು ಎಂದಿದ್ದನಂತೆ. ಮಗಳು ಬೆಳಿಗ್ಗೆ ಕಾಲರ್ ಎತ್ತಿ ನೋಡಿ, ಮುಖ ಸಣ್ಣದು ಮಾಡಿಕೊಂಡು ಶಾಲೆಗೆ ಹೋದಳಂತೆ.

ತಂಗಿ ಅಂಗಿಯನ್ನು ಬೆಳಕಿಗೆ ಹಿಡಿದಳು. ಸೂಜಿಯ ತೂತುಗಳ ಮೇಲೆ ಬೆರಳು ನಿಂತಿತು. ಅಣ್ಣನ ಕಡೆ ತಿರುಗಲೇ ಇಲ್ಲ.

"ಮರೆತೇ ಹೋಯ್ತು ಡ್ರೈವರಣ್ಣ," ಎಂದಳು. "ತಪ್ಪು ನಂದೇ."

ಬೋಳಂಗಿ ಸುಮ್ಮನಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಒಂದು ಗಳಿಗೆ ಸುಮ್ಮನಿದ್ದ ಕೂಡ. ಆಮೇಲೆ ಅವನನ್ನು ಹೆಚ್ಚು ಕೊರೆದದ್ದು ಆ ಗಳಿಗೆಯೇ.

"ಅವಳು ಹಾಕಿದ್ದಳು. ಬಿಚ್ಚಿದವನು ನಾನು," ಎಂದ.

ಡ್ರೈವರ್ ಇಬ್ಬರ ಮುಖವನ್ನೂ ನೋಡಿದ. "ಯಾಕ್ರೀ? ಅದು ಯಾರ ಕಣ್ಣಿಗೂ ಬೀಳ್ತಿರಲಿಲ್ಲವಲ್ಲ."

ಬೋಳಂಗಿ, ಈಗಲೇ ಮತ್ತೆ ಹಾಕಿಕೊಡು ತಾಯಿ ಎಂದು ದಾರದ ಡಬ್ಬಿಯನ್ನು ತಂಗಿಯ ಮುಂದೆ ಸರಿಸಿದ. ಅವಳು ಅದನ್ನು ಮುಟ್ಟಲಿಲ್ಲ.

"ಸಂಜೆ ಮನೆಗೆ ಬನ್ನಿ ಡ್ರೈವರಣ್ಣ, ಅಲ್ಲಿ ಹಾಕಿಕೊಡ್ತೀನಿ. ಇಲ್ಲಿ ನಂದು ಗುಂಡಿ ಹಚ್ಚೋ ಕೆಲಸ ಮಾತ್ರ."

ಡ್ರೈವರ್ ತಲೆಯಾಡಿಸಿ, ಅಂಗಿ ತೆಗೆದುಕೊಂಡು ಹೊರಟುಹೋದ. ಬೋಳಂಗಿ ಮೆಷಿನ್ನಿನ ಮುಂದೆ ಕುಳಿತ. ಇಲ್ಲೇ ಹಾಕು ಕಣೇ, ಏನು ಬೇಕಾದರೂ ಹಾಕು ಎನ್ನಲು ಎರಡು ಸಲ ಬಾಯಿ ತೆರೆದ. ಅವಳು ಗುಂಡಿಯ ದಾರವನ್ನು ಹಲ್ಲಿನಿಂದ ಕಡಿದು, ಮುಂದಿನ ಅಂಗಿ ಕೈಗೆತ್ತಿಕೊಂಡಳು.