ಗುರುಸಿದ್ದನ ಹಂಡೆ

ಗುರುಸಿದ್ದ ಯಾವುದನ್ನೂ ಬೆರಳ ಗೆಣ್ಣಿನಿಂದ ಬಾರಿಸಿ ನೋಡದೆ ನಂಬುತ್ತಿರಲಿಲ್ಲ. ಬೈಲಹೊಂಗಲದ ಪೇಟೆಯಲ್ಲಿ ಅವನದು ಭಾಂಡೆ ಅಂಗಡಿ. ಕೊಡ, ಹಂಡೆ, ಪರಾತ, ಏನೇ ಇರಲಿ, ಕಿವಿಯ ಹತ್ತಿರ ಹಿಡಿದು ಟಣ್ ಎನಿಸಿ, ಆಮೇಲೆಯೇ ಗಿರಾಕಿಯ ಕೈಗೆ ಕೊಡುತ್ತಿದ್ದ. ಅಲ್ಲಿಗೇ ನಿಂತಿದ್ದರೆ ಕಸುಬಿನ ಚಟ ಎನ್ನಬಹುದಿತ್ತು. ಆದರೆ ಅವನು ಬಸ್ಸು ಹತ್ತುವ ಮೊದಲು ಬಸ್ಸನ್ನು ಬಾರಿಸುತ್ತಿದ್ದ, ಬೀಗರ ಮನೆಗೆ ಹೋದರೆ ಗೋಡೆಯನ್ನು ಬಾರಿಸುತ್ತಿದ್ದ. ಮಗಳಿಗೆ ವರ ನೋಡಲು ಹೋದಾಗ ಶಭಾಸ್ ಎನ್ನುವ ನೆಪದಲ್ಲಿ ಹುಡುಗನ ಬೆನ್ನನ್ನೂ ಬಾರಿಸಿ, ಕಣ್ಣು ಮುಚ್ಚಿ ಸದ್ದು ಆಲಿಸಿದ್ದ. "ಸದ್ದು ಸುಳ್ಳ ಹೇಳೂದಿಲ್ಲಲೇ ಶಿವ್ಯಾ" ಎನ್ನುವುದು ನನಗೆ ಅವನು ಹೇಳುತ್ತಿದ್ದ ಮಾತು.

ನಿಜ ಹೇಳಬೇಕೆಂದರೆ ಸದ್ದು ಅವನಿಗೆ ಬೇಕಾದಷ್ಟು ಸಲ ಸುಳ್ಳು ಹೇಳಿದೆ. ಅವನು ಗಟ್ಟಿ ಎಂದು ಆರಿಸಿಕೊಟ್ಟ ಕೊಡ ನಮ್ಮ ಮನೆಗೆ ಬಂದ ಮಳೆಗಾಲದಲ್ಲೇ ಸೋರತೊಡಗಿತು. ಹೊತ್ತುಕೊಂಡು ಹೋಗಿ ಮುಂದಿಟ್ಟರೆ ಮತ್ತೊಮ್ಮೆ ಬಾರಿಸಿ, "ಕೊಡಾ ಗಟ್ಟಿ ಐತಿ. ನಿಮ್ಮ ನೀರ ತೆಳ್ಳಗ ಅದಾವು" ಎಂದ. ಎಷ್ಟು ಸಲ ತಪ್ಪಿದರೂ ಅವನಿಗೆ ಅನುಮಾನ ಬರುತ್ತಿರಲಿಲ್ಲ. ಎಷ್ಟು ಸಲ ಸರಿಯಾದರೂ ನನಗೆ ಅನುಮಾನ ಹೋಗುವುದಿಲ್ಲ. ನಮ್ಮ ಗೆಳೆತನ ಸಾಲೆಯಿಂದ ಬಾಳಿಕೆ ಬಂದದ್ದು ಬಹುಶಃ ಇದರಿಂದಲೇ.

ನಾನು ವಿಮೆ ಏಜೆಂಟ. ಜನರ ಎದುರು ಕುಳಿತು, ಅವರದೇ ಚಹಾ ಕುಡಿಯುತ್ತ, ಅವರ ಸಾವನ್ನು ಅವರಿಗೆ ನೆನಪು ಮಾಡಿಕೊಡುವುದು ನನ್ನ ಹೊಟ್ಟೆಪಾಡು. ಊರಿನವರು ನನ್ನ ಮಾತಿಗೆ ಅಂಜುವುದನ್ನು ಎಂದೋ ಬಿಟ್ಟಿದ್ದಾರೆ. ಕೇಳಿ ಕೇಳಿ ಅಂಜುತ್ತ ಉಳಿದವನು ನಾನೊಬ್ಬನೇ. ಬೀಗ ಹಾಕಿದ ಮೇಲೆ ಅದನ್ನು ಜಗ್ಗಿ ನೋಡುತ್ತೇನೆ, ಓಣಿಯ ತಿರುವಿನಿಂದ ಮರಳಿ ಬಂದು ಇನ್ನೊಮ್ಮೆ ಜಗ್ಗುತ್ತೇನೆ. ನಮ್ಮ ಮನೆಯಲ್ಲಿ ಉಪ್ಪಿಗಿಂತ ಹೆಚ್ಚು ಖರ್ಚಾಗುವುದು 'ಹುಷಾರ್' ಎಂಬ ಮಾತು.

ನನ್ನ ಹೆಂಡತಿ ಶಕುಂತಲಾ ಬಿದ್ದದ್ದೂ ಆ ಮಾತಿನಿಂದಲೇ. ಕಿತ್ತೂರಿನಲ್ಲಿ ನೆಂಟರ ಮದುವೆ. ಊಟ ಮುಗಿಸಿ ಕೈ ತೊಳೆಯಲು ಹೊರಟಿದ್ದಳು. ನೆಲ ಒದ್ದೆಯಾಗಿತ್ತು. ನಾನು ಹಿಂದಿನಿಂದ ಇಡೀ ಪಂಕ್ತಿಗೆ ಕೇಳುವಂತೆ "ಹುಷಾರ್, ಜಾರತೈತಿ" ಎಂದೆ. ಏನೆಂದು ತಿರುಗಿ ನೋಡಿದಳು, ಜಾರಿದಳು, ತೊಡೆಯ ಎಲುಬು ಮುರಿಯಿತು. ಮಾತಾಡಿಸಲು ಬಂದವರಿಗೆಲ್ಲ ಅವಳು ಹೇಳಿದ್ದು ಒಂದೇ ಸಾಲು: "ನೆಲಾ ನೋಡಿಕೋತ ಬರೋಬ್ಬರಿ ಹೊಂಟಿದ್ನಿರಿ. ಇವರು ಹುಷಾರ್ ಅಂದ್ರು."

ಬೈಲಹೊಂಗಲದ ಎಲುಬಿನ ದವಾಖಾನೆಗೆ ನಮಗಿಂತ ಮೊದಲು ಬಂದು ನಿಂತಿದ್ದವನು ಗುರುಸಿದ್ದ. ನನ್ನನ್ನು ಮಾತಾಡಿಸಲಿಲ್ಲ. ನೆಟ್ಟಗೆ ವಾರ್ಡಿಗೆ ಹೋಗಿ ಖಾಲಿ ಇದ್ದ ಕಾಟುಗಳನ್ನೆಲ್ಲ ಬಾರಿಸಿದ. "ಇದು ಬ್ಯಾಡ, ಇದರ ದನಿ ಒಡದೈತಿ. ಅದನ್ನ ಕೊಡ್ರಿ" ಎಂದು ಕಿಟಕಿಯ ಪಕ್ಕದ್ದನ್ನು ಆರಿಸಿದ. ನರ್ಸಬಾಯಿ ಅವನನ್ನು ದೊಡ್ಡ ಡಾಕ್ಟರೆಂದು ತಿಳಿದಳೋ ಏನೋ, ಕೊಟ್ಟುಬಿಟ್ಟಳು. ಅವನು ಬೇಡವೆಂದ ಕಾಟಿನ ಮೇಲೆ ಆ ದಿನವೇ ಒಬ್ಬ ಪೈಲವಾನ ಬಂದು ಮಲಗಿ ಸುಖವಾಗಿ ಗೊರಕೆ ಹೊಡೆದ. ನಮ್ಮ ಕಾಟು ಮಾತ್ರ ಮೈ ಅಲುಗಿದರೆ ಸಾಕು, ಕಿರುಗುಟ್ಟುತ್ತಿತ್ತು. ಗುರುಸಿದ್ದನಿಗೆ ಅದನ್ನು ಹೇಳಿದರೆ, "ಮಾತಾಡೂ ಕಾಟ ಛಲೋ ಲೇ. ಸುಮ್ಮನ ಇರೂವ ಮುರೀತಾವು" ಎಂದ.

ನಮ್ಮ ಕಡೆ ಒಬ್ಬರು ದವಾಖಾನೆ ಸೇರಿದರೆಂದರೆ ಊರೆಲ್ಲ ಬ್ರೆಡ್ಡು, ಎಳನೀರು ಹಿಡಿದುಕೊಂಡು ಮಾತಾಡಿಸಲು ಬರುತ್ತದೆ. ಬಂದವರು ಬರಿಗೈಲಿ ಬರುವುದಿಲ್ಲ ಎನ್ನುವುದು ನಿಜ, ಬರಿಬಾಯಿಯಲ್ಲೂ ಬರುವುದಿಲ್ಲ. ಇದೇ ಎಲುಬು ಮುರಿದು ಮತ್ತೆ ಏಳದೇ ಹೋದವರ ಕಥೆ ಒಂದಾದರೂ ಅವರ ಹತ್ತಿರ ಇದ್ದೇ ಇರುತ್ತದೆ. ಗುರುಸಿದ್ದ ವಾರ್ಡಿನ ಬಾಗಿಲಿಗೆ ಸ್ಟೂಲು ಹಾಕಿಕೊಂಡು ಕುಳಿತ. ಒಬ್ಬಾಕೆ "ನಮ್ಮ ಚಿಗವ್ವಗೂ ಹಿಂಗ ಆಗಿತ್ರಿ, ಪಾಪ..." ಎಂದು ಬಾಯಿ ತೆಗೆದಳೋ ಇಲ್ಲವೋ, "ತಡೀರಿ ಯವ್ವಾ. ಎಳನೀರ ಒಳಗ ಕೊಡ್ರಿ. ಚಿಗವ್ವನ ಸುದ್ದಿ ಅಲ್ಲಿ ಬಾಕಿನ ಮ್ಯಾಲ ಕುಂತಾನಲ್ಲ, ಅವಗ ಹೇಳ್ರಿ. ಅಂವಗ ರೂಢಿ ಐತಿ" ಎಂದು ನನ್ನ ಕಡೆ ಕೈ ಮಾಡಿದ.

ಹೀಗಾಗಿ ಬೈಲಹೊಂಗಲ ತಾಲೂಕಿನ ಚಿಗವ್ವಂದಿರು, ಸೋದರಮಾವಂದಿರು ಯಾರು ಯಾರು ಹೇಗೆ ಹೇಗೆ ಹಾಸಿಗೆ ಹಿಡಿದರೆಂಬುದು ನನಗೆ ಬಾಯಿಪಾಠವಾಯಿತು. ಶಕುಂತಲಾ ಒಳಗೆ ಎಳನೀರು ಕುಡಿದು ನಿದ್ದೆ ಮಾಡಿದಳು. ನನಗೆ ಬಿ.ಪಿ. ಏರಿತು.

ಉಳಿದ ಕೆಲಸವನ್ನೆಲ್ಲ ಅವನೇ ಹಂಚಿದ. ಅವನ ಹೆಂಡತಿ ಕಸ್ತೂರಿಬಾಯಿ ದಿನಾ ಬಿಸಿ ರೊಟ್ಟಿ, ಮುದ್ದಿಪಲ್ಯ ಕಟ್ಟಿ ಕಳಿಸುತ್ತಿದ್ದಳು. ಅಂಗಡಿಯ ಮಗ್ಗುಲಲ್ಲಿ ಹೊಲಿಗೆ ಮಷಿನ್ ಇಟ್ಟುಕೊಂಡಿರುವ ನಮ್ಮ ಗೆಳೆಯ ಮೌಲಾಸಾಬ, ಕಾಲು ಎತ್ತದೆ ಉಡಿಸುವಂತೆ ಒಂದು ಬದಿ ಪೂರ್ತಿ ಸೀಳಿ ಲಾಡಿ ಕಟ್ಟುವ ಲಂಗಗಳನ್ನು ಹೊಲಿದು ತಂದ. ಅಳತೆ ಹೇಗೆ ಸಿಕ್ಕಿತೆಂದು ಕೇಳಿದರೆ, "ಇಪ್ಪತ್ತ ವರ್ಷ ವೈನಿ ಜಂಪರ್ ಹೊಲ್ಯಾಕತ್ತೇನಿ, ಬರಬರತ ಎಷ್ಟ ದಪ್ಪ ಆಗ್ಯಾರ ಅಂತ ನಿಮಗಿಂತಾ ನನಗ ಗೊತ್ತ" ಎಂದ. ನನಗೆ ಗುರುಸಿದ್ದ ಕೊಟ್ಟ ಕೆಲಸ ಎಂದರೆ ಅಂಜುವುದು. "ಅದನ್ನ ನಿನ್ನಷ್ಟ ಛಲೋ ಯಾರೂ ಮಾಡೂದಿಲ್ಲ. ಆದ್ರ ಹೊರಗ ಕುಂತ ಮಾಡು."

ಆಪರೇಶನ್ ಆಯಿತು, ತೊಡೆಯಲ್ಲಿ ರಾಡು ಕೂತಿತು, ಮನೆಗೆ ಬಂದೆವು. ಅಲ್ಲಿಂದ ಮುಂದಿನದೇ ಕಠಿಣವಾಯಿತು. ವಾಕರ್ ಹಿಡಿದು ದಿನಾ ನಿಲ್ಲಬೇಕು, ಹೆಜ್ಜೆ ಇಡಬೇಕು, ಇಲ್ಲವಾದರೆ ಕಾಲು ಸೆಟೆದುಕೊಂಡು ಮಲಗಿದವರು ಮಲಗಿಯೇ ಇರುತ್ತಾರೆ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಶಕುಂತಲಾ ಏಳಲೊಲ್ಲಳು. ಬೆನ್ನಿಗೆ ಕೈ ಕೊಟ್ಟು ಎಬ್ಬಿಸುತ್ತಿದ್ದೆ. ಅವಳು ವಾಕರ್ ಹಿಡಿಯುವುದಕ್ಕೂ ನನ್ನ ಬಾಯಿಂದ ಆ ಮಾತು ಬೀಳುವುದಕ್ಕೂ ಸರಿಹೋಗುತ್ತಿತ್ತು. ಕೂಡಲೇ ಅವಳ ಕಾಲು ನಡುಗಿ ಕುಳಿತುಬಿಡುತ್ತಿದ್ದಳು. ಬಾಯಿ ಕಟ್ಟಿಕೊಂಡು ನೋಡಿದೆ. "ನಿಮ್ಮ ಮಾರಿ ನೋಡಿದ್ರ ಸಾಕು, ಕೇಳಸತೈತಿ" ಎಂದಳು.

ಅದರ ಮೇಲೆ ಹರಕೆಯ ಸುದ್ದಿ ಹೊರಬಿತ್ತು. ಆಪರೇಶನ್ನಿನ ಕೋಣೆಯ ಹೊರಗೆ, ಚಿಗವ್ವಂದಿರ ಕಥೆಗಳ ನಡುವೆ ಕುಳಿತು, ನಾನು ಸವದತ್ತಿ ಎಲ್ಲಮ್ಮನಿಗೆ ಬೇಡಿಕೊಂಡಿದ್ದೆ: ಅಕಿ ಕಾಲ ನೆಟ್ಟಗ ಮಾಡವ್ವಾ, ಬೈಲಹೊಂಗಲದಿಂದ ಅಕೀನ್ನ ಕಾಲ್ನಡಿಗೀಲೆ ನಿನ್ನ ಗುಡ್ಡಕ್ಕ ಕರಕೊಂಡ ಬರತೇನಿ. ದೇವಿಯ ಹೊರತು ಇದು ಸವದತ್ತಿಯಲ್ಲಿರುವ ನನ್ನ ತಂಗಿ ನೀಲವ್ವನಿಗೆ ಮಾತ್ರ ಗೊತ್ತಿತ್ತು. ಮಾತಾಡಿಸಲು ಬಂದ ನೀಲವ್ವ, "ವೈನಿ, ಲಗೂನ ಆರಾಮಾಗ್ರಿ. ನಡಕೋತ ಬರೂದೈತಿ" ಎಂದುಬಿಟ್ಟಳು.

ಶಕುಂತಲಾ ನನ್ನನ್ನು ನೋಡಿದಳು. ದಾಂಪತ್ಯದಲ್ಲಿ ಅಂಥ ನೋಟ ಒಂದೆರಡೇ ಸಲ ಸಿಗುತ್ತದೆ. ಗೋಡೆಯ ಕಡೆ ಮಗ್ಗುಲಾದಳು. "ಆರಾಮಾದ್ರ ಗುಡ್ಡಕ್ಕ ನಡಸತಾರಂತ. ನಾ ಏಳೂದ ಇಲ್ಲ."

ಮರುದಿನದಿಂದ ವಾಕರಿನ ಕಡೆ ಕಣ್ಣೆತ್ತಲೂ ಇಲ್ಲ. ಅದರ ಮೇಲೆ ನನ್ನ ಟವೆಲ್ಲು ಒಣಗತೊಡಗಿತು. ಇವಳು ನಡೆಯಲಾರಳು, ನನ್ನ ಬಾಯಿಯೇ ಇವಳನ್ನು ಎರಡು ಸಲ ಕೆಡವಿತು ಎಂದು ಅಂಗಡಿಗೆ ಹೋಗಿ ಗುರುಸಿದ್ದನ ಮುಂದೆ ಕುಳಿತೆ. ಎಲ್ಲ ಕೇಳಿದ. ತಿಕ್ಕುತ್ತಿದ್ದ ಹಿತ್ತಾಳೆ ತಂಬಿಗೆ ಕೆಳಗಿಟ್ಟು, ಹುಣಸೆಹಣ್ಣು ಮೆತ್ತಿದ ಗೆಣ್ಣಿನಿಂದ ನನ್ನ ತಲೆಯ ಮೇಲೆ ಎರಡು ಸಲ ಬಾರಿಸಿದ.

"ಮುರಿದದ್ದು ಕಾಲು. ಬೇಡಿಕೊಂಡದ್ದು ಕಾಲ್ನಡಿಗಿ. ಮೂಗ ಕೊಯ್ಕೊಂಡಾಕಿಗೆ ನತ್ತ ಹಾಕತೇನಿ ಅಂದಂಗಾತು."

"ಈಗೇನ ಮಾಡ್ಲೋ?"

"ಬೇಡಿಕೊಂಡಾವ ಯಾರು?"

"ನಾನು."

"ಮತ್ತ ನಡೀ."

ದೇವಿಯ ಮುಂದೆ ಬಾಯಿ ಬಿಟ್ಟವನೇ ನಡೆಯಬೇಕು, ಅದೂ ನಾಳೆಯೇ, ಹೋಗಿ ಮಾತು ತಿರುಗಿ ತಗೊಂಡು ಬಾ ಎಂದ. ಮನೆಯ ಚಿಂತೆ ಬಿಡು, ಕಸ್ತೂರಿ ಬಂದಿರುತ್ತಾಳೆ ಎಂದ. ಹೊರಡುವಾಗ ನಾನು ಗ್ಯಾಸು, ಗುಳಿಗೆ, ಬಾಗಿಲ ಚಿಲಕ ಎಲ್ಲದರ ಬಗ್ಗೆ ಹೇಳುತ್ತಲೇ ಇದ್ದೆ. ಅವನು ನನ್ನ ಹೆಗಲ ಮೇಲೆ ಟವೆಲ್ಲು ಹಾಕಿ, ಓಣಿಯ ತಿರುವಿನವರೆಗೆ ಬಂದು, ನಾನು ಚಿಲಕ ಜಗ್ಗಲು ಮರಳದಂತೆ ಅಲ್ಲೇ ಕಾವಲು ನಿಂತ.

ನಡೆದೆ. ಜೋಳದ ಹೊಲಗಳ ನಡುವೆ ಕಪ್ಪು ರಸ್ತೆ ಮುಗಿಯುವಂತೆಯೇ ಕಾಣಲಿಲ್ಲ. ಮೌಲಾಸಾಬ ಸ್ಕೂಟರಿನ ಮೇಲೆ ಹಿಂದೆ ಮುಂದೆ ಸುಳಿಯುತ್ತ ನೀರು ಕೊಡುತ್ತಿದ್ದ. ಹತ್ತಲು ಕೇಳಿದರೆ "ಹರಕಿ ಅದ ಸಾಹೇಬ್ರ, ಪಾಪ ನನಗ ಬರತೈತಿ" ಎನ್ನುತ್ತಿದ್ದ. ಹೊಲದಲ್ಲಿ ಕಡಲೆ ಕೀಳುತ್ತಿದ್ದ ಹೆಂಗಸರು ಯಾಕ್ರಿ ನಡೀಲಿಕ್ಕತ್ತೀರಿ ಎಂದು ಕೇಳಿದರು. ಹೆಂಡತಿಯ ಕಾಲು ಮುರಿದಿದೆ ಎಂದೆ. ಅವರು ಒಬ್ಬರ ಮುಖ ಒಬ್ಬರು ನೋಡಿ, ನನಗೊಂದು ಸಿವುಡು ಹಸಿ ಕಡಲೆ ಕೊಟ್ಟರು. ಗುಡ್ಡ ಹತ್ತಿ ದೇವಿಯ ಮುಂದೆ ನಿಂತಾಗ ಅಂಗಾಲೆಲ್ಲ ಬೊಬ್ಬೆ. ತಪ್ಪಾತವ್ವಾ, ಅಕೀನ್ನ ಬಿಟ್ಟ ಬಿಡು, ನಡೆಯೂದ ನನ್ನ ಲೆಕ್ಕಕ್ಕ ಹಚ್ಚಿಕೋ ಎಂದೆ.

ಸವದತ್ತಿಯಲ್ಲಿ ನೀಲವ್ವ ನನ್ನ ಕಾಲಿಗೆ ಅರಿಶಿನ ಮೆತ್ತಿ ಮಲಗಿಸಿದಳು. ನಾಳೆ ಬಸ್ಸಿಗೆ ಹೋಗುತ್ತೇನೆ ಎಂದರೆ ಕಾಲು ಮಾಯಲಿ ಎಂದಳು. ಮಾಯಿತು ಎಂದರೆ ಹೋಳಿಗೆ ಮಾಡಿದ್ದೇನೆ ಎಂದಳು. ಮನೆಗೆ ಫೋನ್ ಮಾಡಿದರೆ ಗುರುಸಿದ್ದನೇ ಎತ್ತಿ "ಎಲ್ಲಾ ಬರೋಬ್ಬರಿ ಐತಿ" ಎಂದು ಇಟ್ಟುಬಿಡುತ್ತಿದ್ದ. ಹಿಂದಿನಿಂದ ಟಣ್ ಎಂದು ಸದ್ದು ಕೇಳುತ್ತಿತ್ತು. ಎಂಟು ದಿನ ಕಳೆದ ಮೇಲೆ ನನ್ನ ತಂಗಿಯೂ ಅವನ ಕಡೆಯವಳೇ ಎಂದು ನನಗೆ ಹೊಳೆಯಿತು. ಚೀಲ ಎತ್ತಿಕೊಂಡು ಬಸ್ಸು ಹತ್ತಿದೆ.

ನಮ್ಮ ಓಣಿ ತಿರುಗಿದರೆ ಮನೆಯ ಮುಂದಿನ ಅಂಗಳದಲ್ಲಿ ದೊಡ್ಡದೊಂದು ತಾಮ್ರದ ಹಂಡೆ ಕುಳಿತಿತ್ತು. ಬಾಗಿಲಲ್ಲಿ ಶಕುಂತಲಾ, ಮುಂದೆ ವಾಕರ್. ಒಂದು ಹೆಜ್ಜೆ ಇಟ್ಟಳು. ಕಾಲು ಎಳೆದು ಇನ್ನೊಂದು. ಹೊಸ್ತಿಲು ಅಡ್ಡ ಬಂದಿತ್ತು. ನನಗೆ ಗೊತ್ತಿಲ್ಲದೆಯೇ ಬಾಯಿ ತೆರೆಯಿತು. "ಹು..." ಎನ್ನುವುದರಲ್ಲಿ ಹಿಂದಿನಿಂದ ಒಂದು ಅಂಗೈ ಬಂದು ಬಾಯಿಗೆ ಅಪ್ಪಳಿಸಿ ಅಲ್ಲೇ ನಿಂತಿತು. ಹುಣಸೆಹಣ್ಣಿನ ವಾಸನೆ, ಹಿತ್ತಾಳೆಯ ವಾಸನೆ. ಉಸಿರಾಡಲೂ ಬಿಡಲಿಲ್ಲ ಗುರುಸಿದ್ದ. ಶಕುಂತಲಾ ಹೊಸ್ತಿಲು ದಾಟಿದಳು, ಹಂಡೆಯ ಹತ್ತಿರ ಬಂದಳು, ಬಾಗಿ ಗೆಣ್ಣಿನಿಂದ ಟಣ್ ಎನಿಸಿದಳು.

"ಒಡಕಿಲ್ಲರಿ ಅಣ್ಣಾರ" ಎಂದಳು. ಆಮೇಲೆ ನನ್ನನ್ನು ನೋಡಿ, "ಇವರ್ಯಾಕ ಕುಂಟಾಕತ್ತಾರ?"

ಅವನು ಮಾಡಿದ್ದು ಇಷ್ಟೇ. ಮೊದಲ ದಿನ ಹಂಡೆ ತಂದು ಕಾಟಿನಿಂದ ಒಂದು ಹೆಜ್ಜೆ ದೂರ ಇಟ್ಟು, "ವೈನಿ, ನನ್ನ ಕಿವಿ ಯಾಕೋ ಮಂದ ಆಗ್ಯಾವು, ಒಡಕ ಐತೇನ ನೀವ ಬಾರಿಸಿ ಹೇಳ್ರಿ. ಗಿರಾಕಿ ಕಾಯಾಕತ್ತಾನ" ಎಂದನಂತೆ. ಮರುದಿನ ಹಂಡೆ ಇನ್ನಷ್ಟು ದೂರ ಸರಿದಿರುತ್ತಿತ್ತು. ಗಿರಾಕಿ ಇಲ್ಲವೆಂಬುದು ಅವಳಿಗೂ ಗೊತ್ತಿತ್ತು. ಆದರೆ ನಡೆ ಎಂದು ಯಾರೂ ಹೇಳಲಿಲ್ಲ, ಹುಷಾರ್ ಎಂದೂ ಯಾರೂ ಹೇಳಲಿಲ್ಲ ಎಂದು ಅವಳು ಆಮೇಲೆ ಹೇಳಿದಳು. ಎರಡನೆಯದನ್ನು ಹೇಳುವಾಗ ನನ್ನ ಕಡೆ ನೋಡಲಿಲ್ಲ, ಅದು ಅವಳ ದೊಡ್ಡತನ.

ವಾಕರ್ ಹೋಗಿ ಕೋಲು ಬಂತು. ಗುರುಸಿದ್ದ ಒಂದು ಸಂಜೆ ಹಂಡೆ ಒಯ್ಯಲು ಬಂದ. ಶಕುಂತಲಾ ಕೊಡುವುದಿಲ್ಲ ಎಂದಳು. ಚಹಾ ಕುಡಿದು, ಹಂಡೆಯನ್ನು ಒಮ್ಮೆ ಬಾರಿಸಿ, "ಇರ್ಲಿ ಬಿಡ್ರಿ, ಒಡಕಿಂದ ಐತಿ, ಯಾರೂ ತಗೊಳ್ಳೂದಿಲ್ಲ" ಎಂದ. ಅವಳ ಮುಖ ಸಣ್ಣದಾಯಿತು. ಇಷ್ಟು ದಿನ ಒಡಕಿಲ್ಲ ಎಂದು ಹೇಳಿದ್ದಳಲ್ಲ. "ಕೈಕಾಲ ಗಟ್ಟಿ ಆದ್ವಲ್ಲ ವೈನಿ, ಕಿವಿ ನಿಧಾನಕ ಆಗತಾವು" ಎಂದು ನಗುತ್ತ ಹೋದ. ಅದೇ ಅವನು ನಮ್ಮ ಮನೆಗೆ ಬಂದ ಕೊನೆಯ ಸಲ.

ಆ ಬೇಸಿಗೆಯಲ್ಲಿ, ಅಂಗಡಿಯಲ್ಲಿ ಕುಳಿತಲ್ಲೇ ಎದೆ ಹಿಡಿದುಕೊಂಡವನು ದವಾಖಾನೆಯ ತನಕವೂ ಬರಲಿಲ್ಲ. ಕಂಡಕಂಡದ್ದನ್ನೆಲ್ಲ ಬಾರಿಸಿ ನೋಡಿದವನು ತನ್ನ ಎದೆಯೊಂದನ್ನು ಬಿಟ್ಟಿದ್ದ. ಅದರ ಚಿಂತೆ ನಾನಾದರೂ ಮಾಡಬೇಕಿತ್ತು. ಜಗತ್ತಿನಲ್ಲಿ ನಾನು ಎಂದೂ ಚಿಂತೆ ಮಾಡದ ಮನುಷ್ಯ ಅವನೊಬ್ಬನೇ.

ಮಣ್ಣಿಗೆ ಅವನ ಊರಾದ ರಾಮದುರ್ಗ ತಾಲೂಕಿನ ತೊರಗಲ್ಲಿಗೆ ಒಯ್ದರು. ಗಾಡಿ ಕೋಟೆಯ ಕೆಳಗೇ ನಿಂತಿತು. ಅವರ ಹಳೆಯ ಮನೆಗೆ ಮೇಲಿನ ಕಲ್ಲು ಹಾದಿ ಹಿಡಿದೇ ಹೋಗಬೇಕು. ನೀನು ಗಾಡಿಯಲ್ಲೇ ಕುಳಿತಿರು ಎಂದು ಶಕುಂತಲಾಗೆ ಹೇಳಲು ತಿರುಗುವಷ್ಟರಲ್ಲಿ ಅವಳು ಇಳಿದು, ಕೋಲು ಊರಿ, ಹತ್ತತೊಡಗಿದ್ದಳು. ಕಲ್ಲುಗಳು ಸವೆದು ನುಣುಪಾಗಿದ್ದವು. ಕೆಲವು ಅಲುಗುತ್ತಿದ್ದವು. ಒಂದು ಕಡೆ ಅವಳ ಕೋಲು ಜಾರಿತು. ಕೋಟೆಯ ಗೋಡೆಗೆ ಕೈ ಕೊಟ್ಟು ನಿಂತಳು, ಉಸಿರು ತಗೊಂಡಳು, ಗೋಡೆಯನ್ನು ಗೆಣ್ಣಿನಿಂದ ಒಮ್ಮೆ ಬಾರಿಸಿ ಮತ್ತೆ ಹೆಜ್ಜೆ ಇಟ್ಟಳು. ತಿರುಗಿ ನೋಡಲಿಲ್ಲ.

ನಾನು ಹಿಂದೆ ಹಿಂದೆ ಹತ್ತಿದೆ. ಮೇಲೆ ಮನೆಯ ಬಾಗಿಲಲ್ಲಿ ನಿಂತಿದ್ದ ಮೌಲಾಸಾಬ ನನ್ನನ್ನು ವಿಚಿತ್ರವಾಗಿ ನೋಡಿದ ಮೇಲೆಯೇ ಗೊತ್ತಾದದ್ದು: ಕೆಳಗಿನಿಂದ ಅಲ್ಲಿಯ ತನಕ ನಾನು ಬಾಯಿಯ ಮೇಲೆ ಅಂಗೈ ಒತ್ತಿ ಹಿಡಿದುಕೊಂಡೇ ಬಂದಿದ್ದೆ. ಮೂಸಿ ನೋಡಿದೆ. ಹುಣಸೆಹಣ್ಣಿನ ವಾಸನೆ ಇರಲಿಲ್ಲ. ನನ್ನದೇ ಕೈ.